ಹಡಗಿನ ಬಾಗಿಲು ಯಾರಿಗಾಗಿ ತೆರೆಯಬೇಕು?

ಒಂದು ದೇಶದ ನೌಕಾಪಡೆಯ ಬಲವನ್ನು ಅಳೆಯಲು ಹೊರಟಾಗ ಮಾಧ್ಯಮಗಳು ಕ್ಷಿಪಣಿಗಳನ್ನು ಎಣಿಸುತ್ತವೆ, ಜಲಾಂತರ್ಗಾಮಿಗಳನ್ನು ಎಣಿಸುತ್ತವೆ. ಸೈನಿಕರನ್ನೂ ವಾಹನಗಳನ್ನೂ ಒಡಲಲ್ಲಿ ತುಂಬಿಕೊಂಡು ಹೋಗಿ ದೂರದ ತೀರಕ್ಕೆ ಇಳಿಸುವ ಸಾಗಣೆ ಹಡಗುಗಳ ಕುರಿತು ಯಾರೂ ಹೆಚ್ಚು ಮಾತಾಡುವುದಿಲ್ಲ. ಆದರೆ ಒಂದು ಸಣ್ಣ ರಾಷ್ಟ್ರದ ನೀತಿ ಎಂಥದ್ದೆಂದು ಅರಿಯಲು ಈ ಹಡಗಿಗಿಂತ ಉತ್ತಮ ಸಾಕ್ಷಿ ಬೇರೊಂದಿಲ್ಲ. ಕ್ಷಿಪಣಿಗೆ ಗೊತ್ತಿರುವುದು ಒಂದೇ ಕೆಲಸ. ಈ ಹಡಗಿನ ಬಾಗಿಲಿನಿಂದಲಾದರೋ ಟ್ಯಾಂಕೂ ಹೊರಬರಬಹುದು, ಅಕ್ಕಿಯ ಮೂಟೆಯೂ ಹೊರಬರಬಹುದು. ಯಾವುದು ಬರಬೇಕೆಂದು ನಿರ್ಧರಿಸುವವರು ಅಧಿಕಾರದಲ್ಲಿರುವವರು. ಆದ್ದರಿಂದ ಲೆಕ್ಕ ಒಪ್ಪಿಸಬೇಕಾದವರೂ ಅವರೇ.

ಸಿಂಗಾಪುರದ ಉದಾಹರಣೆಯನ್ನು ನೋಡೋಣ. ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಹಡಗುಗಳನ್ನು ದಶಕಗಳ ಕಾಲ ಬಳಸಿದ ಆ ದ್ವೀಪರಾಷ್ಟ್ರವು ಕೊನೆಗೆ ತನ್ನದೇ ಹಡಗುಕಟ್ಟೆಯಲ್ಲಿ ಎಂಡ್ಯೂರೆನ್ಸ್ ವರ್ಗದ ನಾಲ್ಕು ಹಡಗುಗಳನ್ನು ಕಟ್ಟಿತು. ಎಂಡ್ಯೂರೆನ್ಸ್ ಮತ್ತು ರೆಸೊಲ್ಯೂಷನ್ 2000ದಲ್ಲಿ, ಪರ್ಸಿಸ್ಟೆನ್ಸ್ ಮತ್ತು ಎಂಡೆವರ್ 2001ರಲ್ಲಿ ಸೇವೆಗೆ ಸೇರಿದವು. 141 ಮೀಟರ್ ಉದ್ದದ ಒಂದೊಂದು ಹಡಗೂ ಸುಮಾರು 350 ಸೈನಿಕರನ್ನು, 18 ಟ್ಯಾಂಕುಗಳನ್ನು ಹೊರಬಲ್ಲದು. ಹಿಂಬದಿಯ ಒಡಲಿಗೆ ನೀರು ತುಂಬಿಸಿ, ಅಲ್ಲಿಂದಲೇ ದಡ ಸೇರಬಲ್ಲ ದೋಣಿಗಳನ್ನು ಹೊರಬಿಡುತ್ತದೆ. ಮೇಲಿನ ಅಟ್ಟದ ಮೇಲೆ ಹೆಲಿಕಾಪ್ಟರ್ ಇಳಿಯುತ್ತದೆ. ಅಂದರೆ ಬಂದರೇ ಇಲ್ಲದ ತೀರಕ್ಕೆ ಈ ಹಡಗು ತಾನೇ ಬಂದರಾಗುತ್ತದೆ.

ಈ ಸಾಮರ್ಥ್ಯ ಎಲ್ಲೆಲ್ಲಿ ಬಳಕೆಯಾಯಿತು? 2003ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳು ಸಮೂಹನಾಶಕ ಅಸ್ತ್ರಗಳ ನೆಪ ಮುಂದಿಟ್ಟುಕೊಂಡು ಇರಾಕಿನ ಮೇಲೆ ಎರಗಿದವು. ಆ ಅಸ್ತ್ರಗಳು ಕೊನೆಗೂ ಸಿಗಲಿಲ್ಲ. ಅದೇ ವರ್ಷ ಸಿಂಗಾಪುರವು ರೆಸೊಲ್ಯೂಷನ್ ಹಡಗನ್ನು ಕೊಲ್ಲಿಗೆ ಕಳುಹಿಸಿತು. 2008ರ ವರೆಗೆ ಇದೇ ವರ್ಗದ ಹಡಗುಗಳು ಸರದಿಯಂತೆ ಅಲ್ಲಿಗೆ ಹೋಗಿಬಂದವು. ಇರಾಕಿನ ಪುನರ್ನಿರ್ಮಾಣಕ್ಕೆ ನೆರವು ಎಂಬುದು ಆ ಸರಕಾರದ ವಿವರಣೆ. ಮನೆಯನ್ನು ಕೆಡವಿದವರ ಬೆನ್ನಿಗೆ ನಿಂತು ಅದನ್ನು ಮನೆಕಟ್ಟುವ ಕೆಲಸವೆಂದು ಕರೆಯುವುದಾದರೆ, ಭಾಷೆಗೆ ಅರ್ಥವೇ ಉಳಿಯುವುದಿಲ್ಲ. ಆಕ್ರಮಣಕ್ಕೆ ಸಣ್ಣ ದೇಶಗಳ ಟ್ಯಾಂಕುಗಳು ಬೇಕಾಗಿರಲಿಲ್ಲ. ಬೇಕಾಗಿದ್ದುದು ಅವುಗಳ ಧ್ವಜ.

ಇನ್ನೊಂದು ಪುಟವನ್ನೂ ತೆರೆಯೋಣ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಸುಮಾತ್ರಾದ ಆಚೆ ಪ್ರಾಂತವು ಎಲ್ಲಕ್ಕಿಂತ ಹೆಚ್ಚು ನಾಶವಾಯಿತು. 'ಮಕ್ಕಾದ ಜಗಲಿ' ಎಂದು ಹೆಸರಾದ ಆ ನಾಡಿನ ಪಶ್ಚಿಮ ತೀರದ ಮೆಯುಲಾಬೊ ಪಟ್ಟಣಕ್ಕೆ ರಸ್ತೆ ಸಂಪರ್ಕವೇ ಕಡಿದುಹೋಯಿತು. ಎಂಡ್ಯೂರೆನ್ಸ್ ಆ ತೀರಕ್ಕೆ ಧಾವಿಸಿತು. ಹಿಂದೆಯೇ ಪರ್ಸಿಸ್ಟೆನ್ಸ್ ಮತ್ತು ಎಂಡೆವರ್ ಬಂದವು. ಟ್ಯಾಂಕುಗಳಿಗಾಗಿ ಕಟ್ಟಿದ ಒಡಲಿನಿಂದ ಮಣ್ಣು ಅಗೆಯುವ ಯಂತ್ರಗಳು ಇಳಿದವು, ವೈದ್ಯರು ಇಳಿದರು, ಆಹಾರ ಮತ್ತು ಔಷಧ ಇಳಿದವು. ಇಂಜಿನಿಯರುಗಳು ದಡದ ಅವಶೇಷಗಳನ್ನು ಸರಿಸಿ ದೋಣಿಗಳಿಗೆ ದಾರಿ ಮಾಡಿದರು.

ಎರಡರ ನಡುವಿನ ವ್ಯತ್ಯಾಸ ಹಡಗಿನಲ್ಲಿಲ್ಲ. ಆಚೆಯಲ್ಲಿ ಅಂದು ಬಂಡುಕೋರರ ವಿರುದ್ಧ ಸೇನಾ ಕಾರ್ಯಾಚರಣೆ ನಡೆಯುತ್ತಿತ್ತು, ಹೊರಗಿನವರ ಪ್ರವೇಶಕ್ಕೆ ಬಿಗಿ ನಿರ್ಬಂಧವಿತ್ತು. ಆದರೂ ಇಂಡೊನೇಶ್ಯಾ ಬಾಗಿಲು ತೆರೆಯಿತು. ಬಂದವರು ಮನೆಯೊಡೆಯನ ಒಪ್ಪಿಗೆ ಪಡೆದು ಬಂದರು, ಕೆಲಸ ಮುಗಿಸಿ ಕೆಲವೇ ವಾರಗಳಲ್ಲಿ ಮರಳಿದರು. ಇರಾಕಿನ ಜನರ ಒಪ್ಪಿಗೆಯನ್ನು ಯಾರು ಕೇಳಿದ್ದರು? ಆದ್ದರಿಂದ ಇಂತಹ ಹಡಗಿನ ಯಾತ್ರೆಗೆ ನಾವು ಎರಡೇ ಪ್ರಶ್ನೆಗಳನ್ನು ಕೇಳಬೇಕು: ಕರೆದವರು ಯಾರು? ಇಳಿಸಿದ್ದು ಏನು?

ಸೇನೆಯ ಸಮರ್ಥಕರು ಹೇಳುತ್ತಾರೆ: ಸಣ್ಣ ದೇಶಗಳಿಗೆ ಆಯ್ಕೆಯ ಸ್ವಾತಂತ್ರ್ಯವಿಲ್ಲ, ಬಲಿಷ್ಠರ ಜೊತೆ ನಿಲ್ಲದೆ ಗತ್ಯಂತರವಿಲ್ಲ. ಇದು ಪೊಳ್ಳು ವಾದ. ಮೆಯುಲಾಬೊಗೆ ಹೋಗಬೇಕೆಂಬ ನಿರ್ಧಾರವನ್ನು ಸಿಂಗಾಪುರವೇ ಕೈಗೊಂಡಿತಲ್ಲವೇ? ಒಳಿತನ್ನು ಆಯ್ದುಕೊಳ್ಳಲು ಸ್ವತಂತ್ರನಾದವನು ಕೆಡುಕಿನ ಹೊಣೆಯನ್ನು ಇನ್ನೊಬ್ಬನ ತಲೆಗೆ ಕಟ್ಟುವಂತಿಲ್ಲ. ಇನ್ನು ಕೆಲವರು, ಸಮರನೌಕೆಯ ಪರಿಹಾರಕಾರ್ಯವೆಲ್ಲ ಬರಿಯ ಪ್ರಚಾರ ಎನ್ನುತ್ತಾರೆ. ಇದನ್ನೂ ನಾವು ಒಪ್ಪುವುದಿಲ್ಲ. ರಸ್ತೆ, ಸೇತುವೆ, ಬಂದರು ಮೂರೂ ಇಲ್ಲದ ತೀರಕ್ಕೆ ನೂರಾರು ಟನ್ ಸಾಮಗ್ರಿ ತಲುಪಿಸುವ ಸಾಧನ ಬೇರೆ ಎಷ್ಟಿವೆ? ಹಸಿದವನಿಗೆ ಅನ್ನ ತಂದ ಕೈಯ ಉದ್ದೇಶವನ್ನು ವಿಚಾರಿಸಲು ಸಮಯವಿದೆ, ಹಸಿವಿಗೆ ಸಮಯವಿಲ್ಲ.

ಇಂಡೊನೇಶ್ಯಾವೇ ಇದಕ್ಕೊಂದು ದಾರಿ ತೋರಿಸಿದೆ. ದಕ್ಷಿಣ ಕೊರಿಯಾದಲ್ಲಿ ಕಟ್ಟಿಸಿ 2003ರಲ್ಲಿ ಪಡೆದ ತಂಜುಂಗ್ ದಾಲ್ಪೆಲೆ ಎಂಬ ಸಾಗಣೆ ಹಡಗನ್ನು ಅದು ಕೆಲವೇ ವರ್ಷಗಳಲ್ಲಿ ಆಸ್ಪತ್ರೆಯಾಗಿ ಪರಿವರ್ತಿಸಿ, ಡಾಕ್ಟರ್ ಸುಹಾರ್ಸೊ ಎಂಬ ವೈದ್ಯರ ಹೆಸರಿಟ್ಟಿತು. 2018ರಲ್ಲಿ ಪಾಲು ನಗರ ಭೂಕಂಪ ಮತ್ತು ಸುನಾಮಿಗೆ ತುತ್ತಾದಾಗ ಆ ಹಡಗು ಅಲ್ಲಿಗೆ ಹೋಯಿತು. ಮುಂದೆ ಸುರಬಾಯಾದ ಹಡಗುಕಟ್ಟೆಯಲ್ಲಿ ಸಾಗಣೆ ಹಡಗಿನ ವಿನ್ಯಾಸದಿಂದಲೇ ಹೊಸ ಆಸ್ಪತ್ರೆ ಹಡಗುಗಳನ್ನು ಕಟ್ಟಲಾಯಿತು. ಅವುಗಳಲ್ಲೊಂದಾದ ಡಾಕ್ಟರ್ ರಜಿಮನ್ 2024ರ ಜನವರಿಯಲ್ಲಿ ಗಾಝಾದ ಜನರಿಗೆ ನೆರವು ಹೊತ್ತು ಈಜಿಪ್ಟಿನ ಅಲ್ ಅರೀಶ್‌ನತ್ತ ಹೊರಟಿತು. ಸೇನೆಯನ್ನು ಇಳಿಸಲು ಹುಟ್ಟಿದ ವಿನ್ಯಾಸವೇ ಗಾಯಾಳುವಿಗೆ ಹಾಸಿಗೆಯಾಯಿತು.

ಎಂಡ್ಯೂರೆನ್ಸ್ ವರ್ಗದ ಹಡಗುಗಳಿಗೆ ಕಾಲು ಶತಮಾನ ತುಂಬಿದೆ. ಇಂದಲ್ಲ ನಾಳೆ ಅವುಗಳ ಜಾಗಕ್ಕೆ ಹೊಸವು ಬರಲೇಬೇಕು. ಸಿಂಗಾಪುರದಲ್ಲಿರಲಿ, ಬೇರೆಲ್ಲಿಯೇ ಇರಲಿ, ಹೊಸ ಹಡಗಿನ ನಕ್ಷೆ ಬರೆಯುವವರು ಟ್ಯಾಂಕುಗಳ ಸಂಖ್ಯೆಗೆ ಮುನ್ನ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಯನ್ನು, ಕುಡಿಯುವ ನೀರು ತಯಾರಿಸುವ ಯಂತ್ರದ ಅಳತೆಯನ್ನು ಬರೆಯಲಿ. ಅದನ್ನು ಎಲ್ಲಿಗೆ, ಯಾರ ಕರೆಯ ಮೇರೆಗೆ ಕಳುಹಿಸಲಾಗುವುದೆಂದು ಸಂಸತ್ತಿನಲ್ಲಿ ಜನರ ಮುಂದೆ ಹೇಳಲಿ. ತೆರಿಗೆ ಕೊಟ್ಟ ಪ್ರಜೆಗೆ ಇದನ್ನು ಕೇಳುವ ಹಕ್ಕಿದೆ. ಕೇಳದೆ ಸುಮ್ಮನಿದ್ದರೆ, ಮುಂದಿನ ಆಕ್ರಮಣದ ಹಿಂದೆಯೂ ಅವನ ಹಣದ ಹಡಗು ಧ್ವಜ ಹಾರಿಸಿಕೊಂಡು ನಿಂತಿರುತ್ತದೆ.