ಸೀಸೆಯ ಬೆಳ್ಳಿ ಮತ್ತು ಯಕೃತ್ತು

ರೋಗನಿರೋಧಕ ಶಕ್ತಿ ಹೆಚ್ಚುವುದೆಂದು ನಂಬಿ ‘ಬೆಳ್ಳಿಯ ನೀರು’ ಸೇವಿಸುತ್ತಿರುವುದಾಗಿ ಹಿರಿಯ ಭಕ್ತರೊಬ್ಬರು ಈಚೆಗೆ ನಮ್ಮೊಡನೆ ಹೇಳಿದರು. ಮಂಡಿನೋವಿಗೆ ಪ್ಯಾರಸಿಟಮಾಲ್ ಮಾತ್ರೆ, ಜೊತೆಗೆ ಬಿಡಲಾಗದ ಬೀಡಿ. ಮಾತ್ರೆಯ ವಿಷಯ ವೈದ್ಯರಿಗೆ ಗೊತ್ತು. ಸೀಸೆಯ ವಿಷಯ ಅವರು ಹೇಳಿರಲಿಲ್ಲ.

ಜೀವಮಾನವಿಡೀ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಧರಿಸಿದವರಿಗೆ ಬೆಳ್ಳಿಯಿಂದ ಕೇಡೆಂದರೆ ನಂಬಿಕೆ ಬಾರದು. ಆದರೆ ಕರಡಿಗೆಯ ಬೆಳ್ಳಿ ಬೇರೆ, ಸೀಸೆಯ ಬೆಳ್ಳಿ ಬೇರೆ. ಇಂತಹ ನೀರಿನಲ್ಲಿ ಬೆಳ್ಳಿಯು ನ್ಯಾನೊಕಣಗಳ ರೂಪದಲ್ಲಿರುತ್ತದೆ. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೊಮೀಟರ್. ಅಂತಹ 100 ನ್ಯಾನೊಮೀಟರಿಗಿಂತ ಕಿರಿದಾದ ಕಣ ಜೀವಕೋಶದೊಳಕ್ಕೇ ನುಸುಳಬಲ್ಲದು. ರಕ್ತಕ್ಕೆ ಸೇರಿದ ಕಣಗಳಲ್ಲಿ ಬಹುಪಾಲು ಯಕೃತ್ತಿನಲ್ಲಿಯೇ ತಂಗುತ್ತವೆ.

ಯಕೃತ್ತಿನ ಕೋಶಗಳಲ್ಲಿ ಗ್ಲುಟಾಥಯೋನ್ ಎಂಬ ವಸ್ತುವಿದೆ. ವಿಷವನ್ನು ಕಟ್ಟಿಹಾಕುವುದೇ ಅದರ ಕಾಯಕ. ಪ್ಯಾರಸಿಟಮಾಲಿನ ಒಂದಂಶ ಯಕೃತ್ತಿನಲ್ಲಿ ವಿಷವಾಗಿ ಮಾರ್ಪಡುತ್ತದೆ; ಅದನ್ನು ಶಮನಗೊಳಿಸಲು ಗ್ಲುಟಾಥಯೋನ್ ಬೇಕು. ಬೀಡಿಯ ಹೊಗೆಯಲ್ಲಿರುವ ಕ್ಯಾಡ್ಮಿಯಂ ಲೋಹವನ್ನು ತಡೆಯಲೂ ಬೇಕು, ಬೆಳ್ಳಿಯ ಕಣಗಳು ಬಿಡುವ ಅಯಾನುಗಳನ್ನು ಹಿಡಿಯಲೂ ಬೇಕು. ಕಣಜ ಒಂದೇ, ಬೇಡುವವರು ಮೂವರು.

ದಕ್ಷಿಣ ಡೆನ್ಮಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಮಾನವ ಯಕೃತ್ತಿನ ಕ್ಯಾನ್ಸರ್ ಕೋಶಗಳ ಮೇಲೆ ನಡೆಸಿದ ಪ್ರಯೋಗ ಇಲ್ಲಿ ಗಮನಾರ್ಹ. ನ್ಯಾನೊಬೆಳ್ಳಿಯೊಂದನ್ನೇ ಸೇರಿಸಿದಾಗ ಶೇ. 25ರಷ್ಟು, ಕ್ಯಾಡ್ಮಿಯಂ ಒಂದನ್ನೇ ಸೇರಿಸಿದಾಗ ಶೇ. 12ರಷ್ಟು ಕೋಶಗಳು ಸತ್ತವು. ಎರಡನ್ನೂ ಕೂಡಿಸಿದಾಗ ಸತ್ತವು ಶೇ. 72. ಹನ್ನೆರಡೂ ಇಪ್ಪತ್ತೈದೂ ಕೂಡಿದರೆ ಮೂವತ್ತೇಳು ತಾನೆ!

ಗಾಜಿನ ತಟ್ಟೆಯ ಕೋಶ ಮನುಷ್ಯನ ದೇಹವಲ್ಲ. ಕುಡಿದ ಬೆಳ್ಳಿಯೆಲ್ಲವೂ ಯಕೃತ್ತನ್ನು ತಲುಪುವುದಿಲ್ಲ. ಯಾರನ್ನೂ ಬೆದರಿಸುವುದು ನಮ್ಮ ಇಚ್ಛೆಯಲ್ಲ. ನಮ್ಮ ಆಕ್ಷೇಪ ಬೇರೆಯದು: ಔಷಧ, ಕೀಟನಾಶಕ, ಲೋಹಗಳಿಗೆ ಸುರಕ್ಷಿತ ಮಿತಿ ಗೊತ್ತುಪಡಿಸುವಾಗ ಬಹುತೇಕ ಒಂದೊಂದನ್ನೇ ಪ್ರತ್ಯೇಕವಾಗಿ ತೂಗಲಾಗುತ್ತದೆ. ದೇಹವಾದರೋ ಎಲ್ಲವನ್ನೂ ಒಟ್ಟಿಗೆ ಉಣ್ಣುತ್ತದೆ. ‘ಮಿತಿಯೊಳಗಿದೆ’ ಎಂಬ ಚೀಟಿಯ ಮಾತು ಆ ಒಂದು ಪದಾರ್ಥದ ಮಟ್ಟಿಗೆ ಸತ್ಯವಾಗಿರಬಹುದು, ಅದನ್ನು ಕುಡಿಯುವವನ ಮಟ್ಟಿಗೆ ಅಲ್ಲ.

ಇಷ್ಟಕ್ಕೂ ಬೆಳ್ಳಿಯ ನೀರಿನಿಂದ ಲಾಭವಾದರೂ ಏನು? ಬೆಳ್ಳಿಯ ದ್ರಾವಣವಿರುವ ಔಷಧಗಳು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಒಪ್ಪಲಾಗದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರಲ್ಲಿಯೇ ಸಾರಿದೆ. ಲಾಭ ಕಾಣದ ವಸ್ತುವಿಗಾಗಿ ಯಕೃತ್ತಿನ ಕಣಜವನ್ನು ಬರಿದುಮಾಡುವುದು ನಮಗಂತೂ ಸರಿಯೆನಿಸದು.

ಆ ಹಿರಿಯರಿಗೆ ನಾವು ಹೇಳಿದ್ದಿಷ್ಟೆ: ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮಾತ್ರೆಯ ಚೀಟಿಯೊಡನೆ ಆ ಸೀಸೆಯನ್ನೂ ಕೊಂಡೊಯ್ಯಿರಿ, ಬೀಡಿಯ ಲೆಕ್ಕವನ್ನೂ ಮುಚ್ಚಿಡದೆ ಹೇಳಿರಿ.