ಎಂಟು ಸಾವಿರ ಡಾಲರಿನ ಚಿಟಿಕೆ

ಶಾಲೆಯಲ್ಲಿ ಆಮ್ಲಜನಕ ತಯಾರಿಸಿದ್ದು ಅನೇಕ ಪಾಲಕರಿಗೂ ನೆನಪಿರಬಹುದು. ಪೊಟ್ಯಾಸಿಯಂ ಕ್ಲೋರೇಟನ್ನು ಬರಿದೇ ಕಾಯಿಸಿದರೆ ಅನಿಲ ನಿಧಾನವಾಗಿ ಬರುತ್ತದೆ. ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸಿದರೆ ಜಾಡಿ ಬೇಗ ತುಂಬುತ್ತದೆ. ಒಟ್ಟು ಆಮ್ಲಜನಕ ಮಾತ್ರ ಹೆಚ್ಚುವುದಿಲ್ಲ. ವರ್ಷವರ್ಷವೂ ಇದನ್ನೇ ಪಾಠ ಮಾಡುವ ನಾನು ಒಮ್ಮೆ ಮರೆತೆ.

2010ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೋ ರಾಜ್ಯದಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. “ಸರ್, ಈ ತಿಂಗಳು 30ರೊಳಗೆ ಮನೆಯ ಕರಾರು ಆದರೆ ಸರ್ಕಾರ 8,000 ಡಾಲರ್ ಕೊಡುತ್ತೆ. ಅಪ್ಪ, ಅವಸರ ಬೇಡ ಅಂತಾರೆ.” ನಾನು, “ಬರೋ ಹಣ ಯಾಕಪ್ಪ ಬಿಡ್ತೀಯಾ?” ಎಂದುಬಿಟ್ಟೆ.

ಆಗ ಅಲ್ಲಿ ಸಾಲ ತೀರಿಸಲಾಗದೆ ಲಕ್ಷಾಂತರ ಜನ ಮನೆ ಕಳೆದುಕೊಂಡಿದ್ದರು. ಖಾಲಿ ಮನೆಗಳಿಗೆ ಗಿರಾಕಿ ತರಲು 2009ರ ಫೆಬ್ರವರಿಯಲ್ಲಿ ಕಾನೂನು ಬಂತು: ಮೊದಲ ಸಲ ಮನೆ ಕೊಳ್ಳುವವರಿಗೆ ಬೆಲೆಯ ಶೇ. 10, ಹೆಚ್ಚೆಂದರೆ 8,000 ಡಾಲರ್ ಟ್ಯಾಕ್ಸ್ ಕ್ರೆಡಿಟ್. ನಮ್ಮಲ್ಲಿ ಹಳೆಯ ತೆರಿಗೆ ಪದ್ಧತಿಯಲ್ಲಿ ಗೃಹಸಾಲದ ಬಡ್ಡಿಯನ್ನು ವರಮಾನದಲ್ಲಿ ಕಳೆಯುತ್ತಾರಲ್ಲ, ಇದು ಹಾಗಲ್ಲ. ಇದನ್ನು ತೆರಿಗೆಯಲ್ಲೇ ಕಳೆಯುತ್ತಾರೆ. ನಿಮ್ಮ ತೆರಿಗೆ 3,000 ಇದ್ದರೆ ಉಳಿದ 5,000 ನಿಮಗೇ ಬರುತ್ತದೆ. ಈ ಆಸೆಗೆ ನಾಲ್ಕು ವರ್ಷದ ಮಗುವಿನ ಹೆಸರಿನಲ್ಲೂ ಅರ್ಜಿ ಹೋಗಿದ್ದು ತಪಾಸಣೆಯಲ್ಲಿ ಸಿಕ್ಕಿತು!

ಮಕ್ಕಳೇ, ಒಂದು ಲೆಕ್ಕ ಮಾಡಿ. 80,000 ಡಾಲರಿನ ಮನೆಗೆ 8,000 ಎಂದರೆ ಹತ್ತನೇ ಒಂದು ಪಾಲು. 8 ಲಕ್ಷ ಡಾಲರಿನ ಮನೆಗೆ ನೂರನೇ ಒಂದು ಪಾಲು. ಹಾಗಾಗಿ ಮನೆಗಳು ಅಗ್ಗವಾಗಿದ್ದ ಊರುಗಳಲ್ಲಿ ಇದು ದೊಡ್ಡ ಮೊತ್ತ. ಸ್ಯಾನ್ ಫ್ರಾನ್ಸಿಸ್ಕೋದಂಥ ದುಬಾರಿ ಊರಿನಲ್ಲಿ ಲೆಕ್ಕಕ್ಕೇ ಬಾರದು.

ಹಣ ಯಾರ ಜೇಬಿಗೆ ಹೋಗುತ್ತದೆ ಎಂಬುದೂ ಬೀದಿಯಿಂದ ಬೀದಿಗೆ ಬೇರೆ. ಖಾಲಿ ಮನೆಗಳು ಸಾಲಾಗಿ ನಿಂತಿದ್ದರೆ ಮಾರುವವನು ಬೆಲೆ ಏರಿಸಲಾರ, ಲಾಭ ಕೊಳ್ಳುವವನಿಗೆ. ಒಂದೇ ಒಳ್ಳೆಯ ಮನೆಗೆ ನಾಲ್ಕು ಜನ ಗಡುವಿನ ಮುನ್ನ ಮುಗಿಬಿದ್ದರೆ? ನನ್ನ ಶಿಷ್ಯನಿಗೆ ಆದದ್ದು ಅದೇ. ತಾನು ಅಂದುಕೊಂಡದ್ದಕ್ಕಿಂತ 5,000 ಡಾಲರ್ ಹೆಚ್ಚು ಕೊಟ್ಟು ಕರಾರಿಗೆ ಸಹಿ ಹಾಕಿದ. ಸರ್ಕಾರದ ಹಣದಲ್ಲಿ ಅಷ್ಟು ಮಾರಿದವನಿಗೆ ಹೋಯಿತು ಎಂದೇ ನನ್ನ ಲೆಕ್ಕ.

ಗಡುವು ಕಳೆಯಿತು. ಜುಲೈನಲ್ಲಿ ಹಳೆಯ ಮನೆಗಳ ಮಾರಾಟ ಜೂನ್‌ಗಿಂತ ಸುಮಾರು ಶೇ. 27 ಕುಸಿಯಿತೆಂದು ಅಲ್ಲಿನ ಮನೆ ದಲ್ಲಾಳಿಗಳ ರಾಷ್ಟ್ರೀಯ ಸಂಘ ಪ್ರಕಟಿಸಿತು. ವರ್ಷದ ಕೊನೆಗೆ ಕೊಳ್ಳಬೇಕೆಂದಿದ್ದ ಅನೇಕರು ಏಪ್ರಿಲ್‌ನಲ್ಲೇ ಕೊಂಡಾಗಿತ್ತು. ಜಾಡಿ ಬೇಗ ತುಂಬಿತ್ತು, ಅಷ್ಟೆ. ಕೆಲವು ಖಾಲಿ ಮನೆಗಳಿಗೆ ದೀಪ ಬಂತು, ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ದೇಶದಲ್ಲಿ ಮನೆಗಳ ಬೆಲೆ ಮತ್ತೆ ಇಳಿದು, 2012ರ ಆರಂಭದ ಹೊತ್ತಿಗಷ್ಟೇ ತಳ ಮುಟ್ಟಿತು.

ಶಿಷ್ಯನಿಗೆ 2011ರಲ್ಲಿ ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೋಗಲಿಲ್ಲ. ಮೂರು ವರ್ಷದೊಳಗೆ ಮನೆ ಬಿಟ್ಟರೆ ಕ್ರೆಡಿಟ್ ಹಿಂತಿರುಗಿಸಬೇಕೆಂಬ ಷರತ್ತಿತ್ತು. ಮನೆಯ ಬೆಲೆಯೂ ಇಳಿದಿತ್ತು. ಅವನು ನನ್ನನ್ನು ದೂರಲಿಲ್ಲ. ಅವನ ತಂದೆ ಮಾತ್ರ ಸಂತೆಯಲ್ಲಿ ಸಿಕ್ಕಾಗ, “ಮೇಷ್ಟ್ರೇ, ಆ ಎಂಟು ಸಾವಿರ ಹುಡುಗನ ಕಾಲು ಕಟ್ಟಿಹಾಕ್ತಲ್ಲ” ಎಂದರು.

ಪಕ್ಕದ ಮನೆಯವನ ಸ್ಥಿತಿ ಇನ್ನೊಂದು ಬಗೆ. ಅವನು 2008ರಲ್ಲೇ ಕೊಂಡಿದ್ದ. ಆ ವರ್ಷದ ಕ್ರೆಡಿಟ್ 7,500 ಡಾಲರ್ ಹೆಸರಿಗೆ ಮಾತ್ರ ಕ್ರೆಡಿಟ್. ವಾಸ್ತವದಲ್ಲಿ ಬಡ್ಡಿಯಿಲ್ಲದ ಸಾಲ. 2010ರ ತೆರಿಗೆ ಲೆಕ್ಕದಿಂದ ಶುರುವಾಗಿ ವರ್ಷಕ್ಕೆ 500ರಂತೆ 15 ವರ್ಷ ಕಟ್ಟಬೇಕಿತ್ತು.