ನಾವು ಕುಡಿಯುವ ಧೂಳಿಗೆ ಲೆಕ್ಕ ಕೊಡಿ!

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಂಧುಗಳೇ!

ಬೆಳಿಗ್ಗೆ ಒರೆಸಿದ ಟಿ.ವಿ. ಮೇಲೆ ಸಂಜೆ ಬೆರಳಾಡಿಸಿ. ನಿಮ್ಮ ಹೆಸರೇ ಬರೆಯಬಹುದು! ಟಿ.ವಿ. ಒರೆಸಬಹುದು. ಮಗುವಿನ ಎದೆಯೊಳಗಿನ ಧೂಳು ಒರೆಸೋದು ಹೇಗೆ?

2020ರಲ್ಲಿ ಮೆಟ್ರೊಗಾಗಿ ಜಯದೇವ ಮೇಲ್ಸೇತುವೆ ಕೆಡವಿದರು. ಪಕ್ಕದಲ್ಲೇ ಹೃದಯದ ಆಸ್ಪತ್ರೆ! ವರ್ಷಗಟ್ಟಲೆ ಅಗೆತ, ಲಾರಿ, ಸಿಮೆಂಟು. ಸಹಿಸಿದೆವು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ರೈಲು ಓಡಿತು, ನಾವೂ ಹತ್ತಿದೆವು. ಮೆಟ್ರೊ ಬೇಡ ಅಂತ ಯಾರು ಹೇಳಿದರು?

ಈಗ ಕಿತ್ತಳೆ ಮಾರ್ಗ. ಜೆ.ಪಿ. ನಗರ 4ನೇ ಹಂತದಿಂದ ಕೆಂಪಾಪುರದವರೆಗೆ 32 ಕಿ.ಮೀ., ನಮ್ಮ ರಿಂಗ್ ರೋಡಿನ ಮೇಲೆಯೇ! ಕದಿರೇನಹಳ್ಳಿಯವರೇ, ಹೊಸಕೆರೆಹಳ್ಳಿಯವರೇ, ಮತ್ತೆ ಮೂಗು ಮುಚ್ಚಿಕೊಂಡು ಕೂರ್ತೀರಾ?

ಕಾರಿನ ಗಾಜು ಏರಿಸಿದವರಿಗೆ ಈ ಧೂಳು ತಟ್ಟೋದಿಲ್ಲ. ತಟ್ಟೋದು ಹೂ ಕಟ್ಟುವ ಅಕ್ಕನಿಗೆ, ಆಟೊ ಅಣ್ಣನಿಗೆ, ಬಸ್‌ಸ್ಟಾಪಿನ ಅಜ್ಜಿಗೆ, ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ. ಬ್ಯಾರಿಕೇಡಿನ ಒಳಗೆ ಮಣ್ಣು ಹೊರುವ ಕೂಲಿಯವನೂ ನಮ್ಮವನೇ. ಮೊದಲು ಕೆಮ್ಮೋದು ಅವನೇ!

ಜಯನಗರ 5ನೇ ಬ್ಲಾಕ್, ಬಿಟಿಎಂ, ಸಿಲ್ಕ್ ಬೋರ್ಡ್: ಗಾಳಿ ಅಳೆಯುವ ಕೇಂದ್ರಗಳಿವೆ. ಆದರೆ ಧೂಳು ಏಳೋದು ನಿಮ್ಮ ಮನೆ ಎದುರಿನ ಗುಂಡಿಯಲ್ಲಿ! ಅಲ್ಲಿನ ಅಳತೆ ಯಾರ ಕೈಯಲ್ಲಿದೆ? ಯಾವ ಯೋಜನೆಗೆ ಮೊದಲೇ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗದ ಹೆಸರೇ ಇಲ್ಲ. ಹಾಗಾದರೆ ಕಾಯೋರು ಯಾರು? ನಾವೇ!

ಆದರೂ ಕಾನೂನು ನಮ್ಮ ಕಡೆಗಿದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಕಾಮಗಾರಿ ಧೂಳಿಗೆ ನಿಯಮ ಮಾಡಿದೆ. ಮಣ್ಣು, ಮರಳು ಮುಚ್ಚದೆ ಬಿಡಬಾರದು. ನೀರು ಚಿಮುಕಿಸಬೇಕು. ಬಯಲಲ್ಲಿ ಕಲ್ಲು ಕೊಯ್ಯಬಾರದು. ಧೂಳು ತಡೆಯಲು ಏನು ಮಾಡಿದ್ದೇವೆ ಅಂತ ಕಾಮಗಾರಿ ಜಾಗದಲ್ಲೇ ಬೋರ್ಡ್ ಹಾಕಬೇಕು. ಅಂಥ ಬೋರ್ಡ್ ನೀವು ಎಷ್ಟು ನೋಡಿದ್ದೀರಿ?

ಪ್ರತಿ ಬ್ಯಾರಿಕೇಡಿಗೂ ಧೂಳು ಅಳೆಯುವ ಮೀಟರ್ ಬೇಕು! ಪಿಎಂ10, ಅಂದರೆ ಉಸಿರಿಗೆ ಸೇರುವ ಸಣ್ಣ ಧೂಳು, ದಿನದ ಸರಾಸರಿ ಘನ ಮೀಟರಿಗೆ 100 ಮೈಕ್ರೊಗ್ರಾಂ ದಾಟಬಾರದು. ಆ ಅಂಕಿ ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ರಸ್ತೆಗೆ ಕಾಣಬೇಕು. ದಾಟಿದರೆ ಅಗೆತ ನಿಲ್ಲಿಸಿ, ನೀರು ಹಾಕಿ. ರಾತ್ರಿ ವಸತಿ ಪ್ರದೇಶದಲ್ಲಿ ಸದ್ದು 45 ಡೆಸಿಬಲ್ ಮೀರಬಾರದು. ಅದನ್ನೂ ಅಳೆಯಿರಿ! ಎಂಜಿನಿಯರ್ ಸಾಹೇಬರೇ, ಇದರಿಂದ ನಿಮಗೂ ಲಾಭ. ಯಾವ ಹೊತ್ತು, ಯಾವ ಲಾರಿ ಅಂತ ಗೊತ್ತಾದರೆ ಅಷ್ಟನ್ನು ಸರಿಪಡಿಸಿದರೆ ಆಯ್ತು. ಕೆಲಸ ಪೂರ್ತಿ ನಿಲ್ಲಿಸಬೇಕಿಲ್ಲ.

ನಾಳೆ ಹಾಲು ತರಲು ಹೋದಾಗ ಬ್ಯಾರಿಕೇಡ್ ಹತ್ತಿರ ನಿಲ್ಲಿ. ಬೋರ್ಡ್ ಎಲ್ಲಿ ಅಂತ ಕೇಳಿ. ಇಲ್ಲದಿದ್ದರೆ ಫೋಟೊ ತೆಗೆಯಿರಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಬರೆಯಿರಿ. ಒಬ್ಬರೇ ಹೋಗಬೇಡಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ!